ಹನ್ನೊಂದನೇ ಹೆಸರು

ಕರಿಬಸಮ್ಮ: ಹತ್ತು ಹೆಸರು ಬರ್ದೋರಿಗೆ ಇನ್ನೊಂದು ಬರೆಯಾಕೆ ಕೈ ನೋಯ್ತೈತಾ? ಕಾಡಸಿದ್ದಪ್ಪ ಅಂತ ಬರೀರಿ, ಮುಗೀತು.

ನಂದೀಶ್ವರಯ್ಯ: ಕೈ ನೋಯಾಕಿಲ್ಲ ಕಣೇ. ನಾಳೆ ಮಾನ ಹೋಗ್ತೈತೆ.

ಕರಿಬಸಮ್ಮ: ನನ್ನ ತಮ್ಮ ಆಡಿದ್ರೆ ನಿಮ್ಮ ಮಾನ ಹೋಗ್ತೈತಾ?

ನಂದೀಶ್ವರಯ್ಯ: ಆಡಿದ್ರೆ ಹೋಗಲ್ಲ. ಅವನು ಆಡಲ್ವಲ್ಲ, ಅದೇ ಬಂದಿರೋ ತೊಂದ್ರೆ.

ಮಧುಗಿರಿ ಬೆಟ್ಟದ ಕೆಳಗಿನ ಬೀದಿಯಲ್ಲಿ, ತನ್ನ ಮನೆಯ ಜಗಲಿಯ ಮೇಲೆ, ಒಂದು ಹಾಳೆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ನಂದೀಶ್ವರಯ್ಯ ಬೆಳಗಿನಿಂದ ಕೂತಿದ್ದ. ನಾಳೆ ಸಿರಾ ತಂಡದೊಡನೆ ಫುಟ್‌ಬಾಲ್ ಪಂದ್ಯ. ಬೆಂಗಳೂರಿನ ಗಿರಣಿಯೊಂದು ಅವನಿಗೆ ಹದಿನಾಲ್ಕು ವರ್ಷ ಸಂಬಳ ಕೊಟ್ಟದ್ದು ಬಟ್ಟೆ ನೇಯಲಿ ಎಂದಲ್ಲ, ತನ್ನ ತಂಡದ ಗೋಲಿನ ಮುಂದೆ ನಿಂತು ಬಂದವರನ್ನೆಲ್ಲ ತಡೆಯಲಿ ಎಂದು. ಆ ಜಾಗಕ್ಕೆ ಬ್ಯಾಕು ಎಂದು ಹೆಸರು. ಮೂವತ್ತೇಳನೇ ವಯಸ್ಸಿಗೆ ಮೊಣಕಾಲು ಇನ್ನು ಸಾಕು ಎಂದಿತು. ಗಿರಣಿಯವರೂ ಅದನ್ನೇ ಎಂದರು. ಊರಿಗೆ ಬಂದು ಎರಡು ವರ್ಷ ಆಗಿತ್ತು. ಹೋದ ತಿಂಗಳು ಊರಿನ ಕ್ಲಬ್ಬಿನವರು ಅವನನ್ನು ಮ್ಯಾನೇಜರ್ ಮಾಡಿ, ಗೌರವಕ್ಕೆಂದು ಕೈಗೊಂದು ಹೊಸ ಕೊಡೆ ಕೊಟ್ಟಿದ್ದರು. ನಾಳೆಯದೇ ಅವನ ಮೊದಲ ಪಂದ್ಯ. ಹತ್ತು ಜಾಗ ತುಂಬಿದ್ದವು. ಉಳಿದದ್ದು ಬ್ಯಾಕಿನ ಜಾಗ ಒಂದೇ. ಅಲ್ಲಿ ಊರಿನ ಯಾವ ಹುಡುಗನನ್ನು ನಿಲ್ಲಿಸಿ ನೋಡಿದರೂ ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಕರಿಬಸಮ್ಮ: ದಿನಾ ಸಾಯಂಕಾಲ ಬಯಲಿಗೆ ಬರ್ತಾನೆ. ಇನ್ನು ಹೆಂಗೆ ಆಡ್ಬೇಕು?

ನಂದೀಶ್ವರಯ್ಯ: ಬರ್ತಾನೆ, ನಿಂತ್ಕತಾನೆ. ನಿಂತ್ಕಳೋದ್ರಲ್ಲಿ ಅವನನ್ನ ಮೀರಿಸೋರಿಲ್ಲ. ಚೆಂಡು ಎದುರಿಗೆ ಬಂದ್ರೆ ಮಾತ್ರ, ಮಠದ ಸ್ವಾಮಿಗಳು ಬಂದ್ರೇನೋ ಅನ್ನಂಗೆ ಪಕ್ಕಕ್ಕೆ ಸರ್ಕಂಡು ದಾರಿ ಬುಡ್ತಾನೆ.

ಕರಿಬಸಮ್ಮ: ನಮ್ಮಪ್ಪ ಅಂಗೆ ಬೆಳ್ಸಿರೋದು. ಯಾರಿಗೂ ಅಡ್ಡ ಬರೋ ಬುದ್ಧಿ ನಮ್ಮ ಮನೇಲಿಲ್ಲ.

ನಂದೀಶ್ವರಯ್ಯ: ಅಡ್ಡ ಬರೋದೇ ಕಣೇ ಆ ಜಾಗದ ಕಸುಬು! ಹದಿನಾಕು ವರ್ಷ ನಾನು ಮಾಡಿದ್ದೇನು?

ಕರಿಬಸಮ್ಮ: ಅದನ್ನೇ ನಮ್ಮಪ್ಪ ಸಾಯೋಗಂಟ ಕೇಳ್ತಿದ್ದ. 'ಅಳಿಯಂದ್ರು ಎಷ್ಟು ಗೋಲು ಹೊಡೆದ್ರವ್ವಾ' ಅಂತ. ಒಂದಾದ್ರೂ ಹೊಡೆದಿದ್ರೆ ಬಾಯ್ತುಂಬ ಹೇಳ್ತಿದ್ದೆ.

ನಂದೀಶ್ವರಯ್ಯ: ಹೊಡೆಯೋನು ಬೇರೆ, ತಡೆಯೋನು ಬೇರೆ. ಹೊಡೆದೋನ ಹೆಸರು ಪೇಪರ್ನಾಗೆ ಬರ್ತೈತೆ. ತಡೆದೋನ ಹೆಸರು ಅವನ ಮೊಣಕಾಲಿಗೆ ಮಾತ್ರ ಗೊತ್ತು.

ಕರಿಬಸಮ್ಮ: ಆ ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕೋಳು ನಾನು. ನಂಗೂ ಗೊತ್ತು.

ಇಷ್ಟು ಹೇಳಿ ಆಕೆ ಬೀದಿಯ ಆಚೆ ಈಚೆ ನೋಡಿ, ಕಂಬಕ್ಕೆ ಒರಗಿ ದನಿ ತಗ್ಗಿಸಿದಳು. ಹೆಂಡತಿ ದನಿ ತಗ್ಗಿಸಿದಳೆಂದರೆ ಏನೋ ಕಾದಿದೆ ಎಂದು ನಂದೀಶ್ವರಯ್ಯನಿಗೆ ಗೊತ್ತು.

ಕರಿಬಸಮ್ಮ: ತೋವಿನಕೆರೆ ವೀರಭದ್ರಯ್ಯೋರು ಮಗಳನ್ನ ನಮ್ಮ ಹುಡುಗಂಗೆ ಕೊಡೋ ಮಾತಾಡ್ತಾವ್ರೆ. ನಾಳೆ ಆಟ ನೋಡಾಕೆ ಬರ್ತಾರೆ. 'ಹುಡುಗ ಬಯಲಾಗೆ ಇರ್ತಾನೆ, ಕಣ್ತುಂಬ ನೋಡ್ಕಳಿ' ಅಂತ ಹೇಳಿ ಕಳ್ಸಿದೀನಿ.

ನಂದೀಶ್ವರಯ್ಯ: ಯಾರನ್ನ ಕೇಳಿ ಹೇಳಿ ಕಳ್ಸಿದೆ?

ಕರಿಬಸಮ್ಮ: ಮೇನೇಜರ್ ಹೆಂಡ್ತಿ ಯಾರನ್ನ ಕೇಳ್ಬೇಕು? ಆಗ್ಲೇ ಮೂರು ಸಂಬಂಧ ಬಂದು ಬಂದು ವಾಪಸ್ ಹೋದ್ವು. ಹುಡುಗಂಗೆ ಇಪ್ಪತ್ತೆಂಟು ತುಂಬ್ತು. ಇದೂ ತಪ್ಪೋದ್ರೆ ಸತ್ತಿರೋ ನಮ್ಮವ್ವಂಗೆ ಏನು ಹೇಳ್ಲಿ?

ಅವಳ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ನಂದೀಶ್ವರಯ್ಯ ಮೆತ್ತಗಾದ, ಆದರೂ ಕಾಗದ ಬಿಡಲಿಲ್ಲ.

ನಂದೀಶ್ವರಯ್ಯ: ಇರೋದು ಹನ್ನೊಂದೇ ಜಾಗ. ಅವನನ್ನ ಹಾಕಿದ್ರೆ ಬ್ಯಾಕಿಗೆ ಯಾರು?

ಕರಿಬಸಮ್ಮ: ಅವನನ್ನೂ ಹಾಕಿ, ಬ್ಯಾರೆ ಯಾರಾದ್ರೂ ಸಿಕ್ರೆ ಅವನನ್ನೂ ಹಾಕಿ. ಹನ್ನೆರಡಾಗ್ಲಿ.

ನಂದೀಶ್ವರಯ್ಯ: ಹನ್ನೆರಡು ಜನ ಆಡಂಗಿಲ್ಲ!

ಕರಿಬಸಮ್ಮ: ಅದ್ಯಾಕೆ? ಊಟಕ್ಕೆ ಹನ್ನೊಂದು ಎಲೆ ಹಾಕಿದ ಮ್ಯಾಕೆ ಇನ್ನೊಬ್ಬ ಬಂದ್ರೆ ಎದ್ದೋಗು ಅಂತೀವಾ? ಒಸಿ ಒತ್ತರಿಸ್ಕಳಿ ಅಂತೀವಿ. ಅಷ್ಟು ದೊಡ್ಡ ಬಯಲಾಗೆ ಒಬ್ಬಂಗೆ ಜಾಗ ಸಾಲ್ದಾ?

ನಂದೀಶ್ವರಯ್ಯ: ಸಿರಾದೋರು ಸುಮ್ನಿರ್ತಾರಾ?

ಕರಿಬಸಮ್ಮ: ಅವರೂ ಒಬ್ಬನ್ನ ಕೂರಿಸ್ಕಳ್ಲಿ. ನಾವೇನು ಬ್ಯಾಡ ಅಂದ್ವಾ?

ಬೂಟು ಹಾಕಿಕೊಂಡು ನುಗ್ಗುತ್ತಿದ್ದ ದಂಡಿನ ತಂಡದ ಸೋಲ್ಜರುಗಳನ್ನು ಆಟದ ಬಯಲಿನಲ್ಲಿ ಬರಿಗಾಲಲ್ಲಿ ನಿಂತು ತಡೆದ ಗಂಡಸು ಈಗ ಸೀಸದ ಕಡ್ಡಿಯ ತುದಿ ಕಚ್ಚಿದ. ಅಷ್ಟರಲ್ಲಿ ಬೀದಿಯಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಅಕ್ಬರ್ ಬಂದ. ಗಿರಣಿಯ ತಂಡದಲ್ಲಿ ನಂದೀಶ್ವರಯ್ಯನ ಬೆನ್ನ ಹಿಂದೆ ಗೋಲು ಕಾಯುತ್ತಿದ್ದವನು ಇವನೇ. ಈಗ ಸಂತೆ ಸಂತೆಗೆ ಕಂಬಳಿ ಮಾರುತ್ತಿದ್ದ. ಸಿರಾ ತಂಡಕ್ಕೆ ಇವನೇ ಮ್ಯಾನೇಜರ್.

ಅಕ್ಬರ್: ಸಲಾಂ ತಂಗ್ಯಮ್ಮ. ಯುದ್ಧ ಬಂದು ಪೆಟ್ರೋಲ್ ಹೋಯ್ತು, ಇದ್ದಿಲ ಬಸ್ಸು ಬಂತು. ದಾರೀಲಿ ನಾಕು ಸಲ ನಿಂತು ಒಲೆ ಊದ್ದಂಗೆ ಊದಿಸ್ದ ಡ್ರೈವರು. ನಂದಿ, ದೋಸ್ತಿ ಮೇಲೆ ಒಂದು ಮಾತು ಕೇಳ್ತೀನಿ, ನಗಬ್ಯಾಡ.

ನಂದೀಶ್ವರಯ್ಯ: ನಗೋ ಸ್ಥಿತೀಲಿಲ್ಲ, ಹೇಳು.

ಅಕ್ಬರ್: ನಮ್ಮನೆಯೋಳು ಹಮೀದುನ್ನೀಸಾ ತಮ್ಮ ಜಹೀರ್ ಅವ್ನಲ್ಲ, ನಾಳೆ ಅವನನ್ನ ಗೋಲು ಹೊಡೆಯೋ ಫಾರ್ವರ್ಡ್ ಜಾಗದಲ್ಲಿ ಆಡಿಸ್ಲೇಬೇಕಂತೆ. ಇಲ್ದಿದ್ರೆ ನಂಗೆ ಮನೇಲಿ ರೊಟ್ಟಿ ಇಲ್ಲ.

ನಂದೀಶ್ವರಯ್ಯ: ಹೆಂಗೆ ಆಡ್ತಾನೆ?

ಅಕ್ಬರ್: ತೋಬಾ! ಕುದುರೆ ಹಂಗೆ ಓಡ್ತಾನೆ. ಚೆಂಡು ಮಾತ್ರ ಹಿಂದೇನೇ ಉಳ್ಕೊಂಡಿರ್ತದೆ.

ಕರಿಬಸಮ್ಮ: ನೋಡುದ್ರಾ! ಹೆಂಡ್ತಿ ತಮ್ಮ ಅಂದ್ರೆ ಹೆಂಗೆ ನೋಡ್ಕಬೇಕು ಅಂತ ಅಕ್ಬರಣ್ಣನ್ನ ನೋಡಿ ಕಲ್ತ್ಕಳಿ.

ಅಕ್ಬರ್: ಅವನ ಎದುರಿಗೆ ನೀನೊಬ್ಬ ಪೈಲ್ವಾನನ್ನ ನಿಲ್ಸಿದ್ರೆ ಅವನ ಕಾಲೂ ಮುರೀತದೆ, ನನ್ನ ಸಂಸಾರಾನೂ ಮುರೀತದೆ. ಅವನಿಗೆ ತಕ್ಕಂಥೋನು ನಿಮ್ಮ ಕಡೆ ಒಬ್ಬ ಬ್ಯಾಕು ಇದ್ರೆ...

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಸೀಸದ ಕಡ್ಡಿ ನೋಡಿದಳು.

ನಂದೀಶ್ವರಯ್ಯ: ನಿಮ್ಮೋನು ಚೆಂಡು ತರಲ್ಲ. ನಮ್ಮೋನು ಚೆಂಡು ತಡೆಯಲ್ಲ.

ಅಕ್ಬರ್: ಖುದಾನೇ ಜೋಡಿ ಮಾಡವ್ನೆ, ಬರಿ!

ನಂದೀಶ್ವರಯ್ಯ ಬರೆದ. ತನ್ನ ಜಾಗದಲ್ಲಿ 'ಕಾಡಸಿದ್ದಪ್ಪ' ಎಂಬ ಐದಕ್ಷರ ಕಂಡಾಗ ಕಾಗದವನ್ನು ತೊಡೆಯ ಮೇಲೆ ಕವುಚಿ ಹಾಕಿದ. ಕರಿಬಸಮ್ಮ ಮಾತ್ರ ಎರಡೇ ಹೆಜ್ಜೆಗೆ ಅಡಿಗೆಮನೆ ಸೇರಿ, ಘಮಘಮಿಸುವ ಬೆಲ್ಲದ ಕಾಫಿ ತಂದಳು.

ಕರಿಬಸಮ್ಮ: ಕುಡೀರಿ ಅಣ್ಣ. ನಿಮ್ಮಿಂದ ನಮ್ಮ ಹುಡುಗನ ಮದುವೆ ಆದಂಗೇ. ತೋವಿನಕೆರೆ ವೀರಭದ್ರಯ್ಯೋರು ನಾಳೆ ಅವನನ್ನ ನೋಡಾಕೆ ಬರ್ತಾವ್ರೆ.

ಅಕ್ಬರ್: ಯಾರು, ಕೊಬ್ಬರಿ ವ್ಯಾಪಾರದ ವೀರಭದ್ರಯ್ಯೋರಾ? ಮೊನ್ನೆ ಸಂತೇಲಿ ನನ್ನ ಹತ್ರಾನೇ ಕಂಬಳಿ ತಗಂಡ್ರು. ಅವರು ಹೇಳ್ತಿದ್ದದ್ದೇ ಬೇರೆ.

ಕರಿಬಸಮ್ಮ: ಏನಂದ್ರು?

ಅಕ್ಬರ್: 'ಹುಡುಗ ಚಡ್ಡಿ ಹಾಕ್ಕೊಂಡು ಚೆಂಡಿನ ಹಿಂದೆ ಓಡ್ತಿದ್ರೆ ಅಲ್ಲಿಂದಲೇ ಬಸ್ಸು ಹತ್ತಿ ಬಂದ್ಬುಡ್ತೀನಿ. ಅವನ ಭಾವ ಮೊಣಕಾಲು ಹಿಡ್ಕೊಂಡು ಕೂತಿರೋದು ಕಾಣ್ತಿಲ್ವಾ' ಅಂದ್ರು.

ಕರಿಬಸಮ್ಮ: ಅಯ್ಯೋ ಶಿವನೇ!

ಅಕ್ಬರ್: ಪೂರ್ತಿ ಕೇಳು. 'ಗೆರೆ ಆಚೆ ಕೊಡೆ ಹಿಡ್ಕೊಂಡು ನಿಂತು, ಹನ್ನೊಂದು ಜನಾನ ಓಡಿಸೋ ಮೇನೇಜರ್ ಅಂತ ಇರ್ತಾರಲ್ಲ, ಅಂಥ ಹುಡುಗ ಆದ್ರೆ ಕಣ್ಮುಚ್ಚಿ ಕೊಡ್ತೀನಿ' ಅಂತಾನೂ ಅಂದ್ರು.

ಕರಿಬಸಮ್ಮ: ಅಳ್ಸಿ!

ನಂದೀಶ್ವರಯ್ಯ: ಏನು?

ಕರಿಬಸಮ್ಮ: ಹೆಸರು ಅಳ್ಸಿ ಅಂದೆ. ಇರೋನು ಒಬ್ಬ ತಮ್ಮ, ಅವನನ್ನ ಆ ಕಾಲು ಮುರ್ಕಳೋ ಆಟಕ್ಕೆ ನೂಕ್ತೀರಲ್ಲ, ನಿಮ್ಗೆ ಕರುಳು ಅನ್ನೋದು ಐತಾ?

ನಂದೀಶ್ವರಯ್ಯ: ನೂಕಿದ್ದು ನಾನಾ?

ಕರಿಬಸಮ್ಮ: ಬರ್ದಿರೋ ಅಕ್ಷರ ಯಾರದು? ಅಳ್ಸಿ. ಆ ಕೊಡೆ ನಾಳೆ ಒಂದಿನ ಅವನ ಕೈಗೆ ಕೊಡಿ. ನಿಂತ್ಕಳೋದ್ರಲ್ಲಿ ಅವನನ್ನ ಮೀರಿಸೋರಿಲ್ಲ ಅಂತ ನೀವೇ ಅಂದ್ರಲ್ಲ.

ನಂದೀಶ್ವರಯ್ಯ: ಕೊಡೆ ಕೊಟ್ಟು ನಾನೇನು ಮಾಡ್ಲಿ? ನಾಳೆ ನನ್ನ ಮೊದಲ್ನೇ ಮ್ಯಾಚು ಕಣೇ! ಊರೆಲ್ಲ ನೋಡ್ತಿರ್ತೈತೆ!

ಕರಿಬಸಮ್ಮ: ನೋಡ್ಲಿ. ಹನ್ನೊಂದನೇ ಜಾಗ ಖಾಲಿ ಆಯ್ತಲ್ಲ. ಹದಿನಾಕು ವರ್ಷದ ಕಸುಬು ಅಂದ್ರಿ. ನೀವೇ ನಿಂತ್ಕಳಿ.

ಕೂಗಾಡಬೇಕೆಂದು ನಂದೀಶ್ವರಯ್ಯ ಎದ್ದ, ಎದ್ದವನು ಕಾಗದ ನೋಡುತ್ತ ಮತ್ತೆ ಕೂತ. ಎರಡು ವರ್ಷದಿಂದ ಇದೊಂದು ಮಾತನ್ನು ಯಾರಾದರೂ ಆಡಲಿ ಎಂದು ಅವನು ಕಾದಿದ್ದ. ಕ್ಲಬ್ಬಿನವರು ಕೊಡೆ ಕೊಟ್ಟ ದಿನ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನಿಗೆ ಅಳು ಬಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಜಾಗಕ್ಕೆ ಊರಿನ ಯಾವ ಹುಡುಗನೂ ಏಕೆ ಒಗ್ಗಲಿಲ್ಲವೆಂಬುದು ಈಗ ತಿಳಿಯಿತು. ತಿಳಿದು ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ನಂದೀಶ್ವರಯ್ಯ: ಏನೋ... ನಿನ್ನ ತಮ್ಮನ ಸಲುವಾಗಿ ಒಪ್ಕಂತೀನಿ. ಕಷ್ಟಾನೇ.

ಕರಿಬಸಮ್ಮ: ಏನು ಕಷ್ಟವೋ! ಮದುವೆ ದಿನಾನೂ ಈ ಮುಖ ಇಷ್ಟು ಅರಳಿರ್ಲಿಲ್ಲ.

ಅಕ್ಬರ್: ಅಲ್ಲ ಯಾರ್, ಜಹೀರ್ ಎದುರಿಗೆ ನೀನಾ? ನಮ್ಮ ಒಪ್ಪಂದ ಏನಾಯ್ತು?

ನಂದೀಶ್ವರಯ್ಯ: ಅದು ಮೇನೇಜರ್‌ಗಳ ಒಪ್ಪಂದ ಕಣಪ್ಪ. ನಾನೀಗ ಬರೀ ಆಟಗಾರ.

ಅಕ್ಬರ್: ಹಂಗಾ! ಆಟಗಾರ ಆದೋನು ಮೇನೇಜರ್ ಹೇಳಿದ್ದು ಕೇಳ್ಬೇಕು, ಗೊತ್ತಲ್ಲ? ನಾನು ಸೀದಾ ನಿಮ್ಮ ಹೊಸ ಮೇನೇಜರ್ ಕಾಡಸಿದ್ದಪ್ಪನ ಹತ್ರ ಹೋಗ್ತೀನಿ. 'ಈ ಮುದುಕನ್ನ ಆಚೆ ಕೂರ್ಸಪ್ಪ' ಅಂತೀನಿ. ಪಾಪ, ಯಾರ ಮಾತಿಗೂ ಇಲ್ಲ ಅನ್ನೋ ಹುಡುಗ ಅಲ್ಲ ಅವನು.

ಕಾಡಸಿದ್ದಪ್ಪನ ಹೆಸರು ಹೊಡೆದು ತನ್ನ ಹೆಸರು ಬರೆಯುತ್ತಿದ್ದ ನಂದೀಶ್ವರಯ್ಯನ ಸೀಸದ ಕಡ್ಡಿ ಅರ್ಧಕ್ಕೇ ನಿಂತಿತು. ಅಕ್ಬರ್ ಹೇಳಿದ್ದು ನಿಜ. ಚೆಂಡಿಗೇ ದಾರಿ ಬಿಡುವವನು ಮಾತಿಗೆ ಬಿಡದಿರುತ್ತಾನೆಯೇ? ಅವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಕರಿಬಸಮ್ಮ ಕುಡಿದಿಟ್ಟ ಲೋಟಗಳನ್ನು ಎತ್ತಿಕೊಳ್ಳುತ್ತ, ಒಳಗೆ ಹೋಗುತ್ತ ಹೋಗುತ್ತಲೇ ಅಂದಳು:

— ಹೇಳಿ ನೋಡಿ, ಅಕ್ಬರಣ್ಣ. ನನ್ನ ಗಂಡನ್ನ ಅವನು ಬಯಲಿಂದ ಆಚೆಗೆ ಕರೀಲಿ ನೋಡಾನ. ವೀರಭದ್ರಯ್ಯೋರಿಗೆ ನಾನೇ ಹೋಗಿ ಹೇಳ್ತೀನಿ, 'ನಮ್ಮ ಹುಡುಗ ದಿನಾ ತಪ್ಪದೆ ಫುಟ್‌ಬಾಲ್ ಆಡ್ತಾನೆ ಸ್ವಾಮಿ' ಅಂತ!