ಹನ್ನೆರಡೂವರೆಯಿಂದ ಪಲಾಯನ

ಬೇರೆಂಡನಿಗೆ ಸಿಟ್ಟು ಬಂದಿತ್ತು. (ಅವನಿಗೆ ಸಿಟ್ಟು ಬರದ ದಿನವನ್ನು ನಮ್ಮ ಬೀದಿಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಈ ವರ್ಷ ಇನ್ನೂ ಯಾರೂ ಪೆನ್ನು ತೆಗೆದಿಲ್ಲ.) ಈ ಸಲದ ಸಿಟ್ಟಿಗೆ ಕಾರಣ ಅವನ ಮದುವೆ. ಮದುವೆಯಾದದ್ದಕ್ಕಲ್ಲ, ಆ ಸಿಟ್ಟು ಹಳೆಯದು. ಆ ಮದುವೆಗೆ ಜೂನ್ ಹದಿನಾಲ್ಕಕ್ಕೆ ಸರಿಯಾಗಿ ಹನ್ನೆರಡೂವರೆ ವರ್ಷ ತುಂಬುತ್ತಿತ್ತಲ್ಲ, ಅದಕ್ಕೆ.

ಇಪ್ಪತ್ತೈದಕ್ಕೆ ಬೆಳ್ಳಿ, ಐವತ್ತಕ್ಕೆ ಚಿನ್ನ ಅಂದರೆ ಉಳಿದ ಜಗತ್ತಿಗೆ ಸಾಕಾಗುತ್ತದೆ. ಹಾಲೆಂಡಿನ ಪೂರ್ವದ ನಮ್ಮ ಟ್ವೆಂಟೆ ಸೀಮೆಯವರಿಗೆ ಅಷ್ಟು ತಾಳ್ಮೆ ಇಲ್ಲ. ಇಪ್ಪತ್ತೈದರವರೆಗೆ ಯಾರು ಇರುತ್ತಾರೋ ಯಾರು ಓಡಿಹೋಗುತ್ತಾರೋ ಅಂತ ಅರ್ಧಕ್ಕೇ ತಾಮ್ರದ ಮಹೋತ್ಸವ ಮುಗಿಸಿಬಿಡುತ್ತೇವೆ. ಬೀದಿಯವರೆಲ್ಲ ಕೂತು ಕಾಗದದ ಗುಲಾಬಿ ಮಾಡಬೇಕು, ಹಸಿರು ಕೊಂಬೆ ಕಟ್ಟಿ ದಂಪತಿಗಳ ಬಾಗಿಲಿಗೆ ಕಮಾನು ನಿಲ್ಲಿಸಬೇಕು. ಅವರು ನಿಲ್ಲಿಸಿದರೆ ಇವರು ಎಲ್ಲರಿಗೂ ಹೊಟ್ಟೆ ತುಂಬ ಕುಡಿಸಬೇಕು. ನಮ್ಮ ಕಡೆ ಇದಕ್ಕಿಂತ ದೊಡ್ಡ ಧರ್ಮವಿಲ್ಲ.

ನಮ್ಮ ಬೀದಿಯ ಹನ್ನೊಂದು ಮನೆಗಳ ಕಮಾನಿನಡಿ ಬೇರೆಂಡ ಧಾರಾಳವಾಗಿ ಪಾನಸೇವೆ ಮಾಡಿದ್ದ. ಒಂದು ಮನೆಯಲ್ಲಿ ಕಮಾನು ಹಿಡಿದುಕೊಂಡೇ ನಿದ್ದೆಹೋಗಿದ್ದ. ತನ್ನ ಪಾಳಿ ಬಂದಾಗ ಮಾತ್ರ ಅವನಿಗೆ ಜ್ಞಾನೋದಯವಾಯಿತು. "ಇದೆಲ್ಲ ಮೂಢನಂಬಿಕೆ! ಬಾಗಿಲಿಗೆ ಸೊಪ್ಪು ಕಟ್ಟೋಕೆ ನಮ್ಮದೇನು ದನದ ಕೊಟ್ಟಿಗೆಯಾ?" ಅಂತ ಕಕ್ಕಸಿನಲ್ಲಿ ಕೂತು ಗೋಡೆಗೆ ಹೇಳಿದ. ಬೇರೆ ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಹೇಳಿಕೇಳಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ನಲ್ಲಿ ರಿಪೇರಿಗೆ ಹೋದ ಮನೆಯಲ್ಲಿ ಕಾಫಿ ಜೊತೆ ಮೂರು ಬಿಸ್ಕತ್ತು ತಿನ್ನುತ್ತಾನೆ, ತನ್ನ ಮನೆಗೆ ಬಂದವರಿಗೆ ಒಂದು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾನೆ. ನಲವತ್ತು ಜನಕ್ಕೆ ಬಿಯರ್ ಸುರಿಯುವುದನ್ನು ನೆನೆದರೇ ಅವನ ಮೀಸೆ ನಡುಗುತ್ತಿತ್ತು.

ಆಗ ಹೊಳೆಯಿತು ಆ ಮಹದಾಲೋಚನೆ. ಕಮಾನು ನಿಲ್ಲುವ ದಿನ ಮನೆಯಲ್ಲೇ ಇರದಿದ್ದರೆ?

"ರೀಕಿ, ತಾಮ್ರದ ದಿನಕ್ಕೆ ಆಮ್‌ಸ್ಟರ್‌ಡಾಮಿಗೆ ಹೋಗೋಣ. ನಾವಿಬ್ಬರೇ," ಅಂದ, ಹೆಂಡತಿಯ ಕಿವಿಯ ಹತ್ತಿರ ಬಂದು.

ರೀಕಿಗೆ ಕಣ್ಣು ತುಂಬಿತು. ಕಾಲುವೆ ಕಾಣುವ ಕಿಟಕಿ, ಬಿಳಿ ಹಾಸಿಗೆ, ಬಿಸಿನೀರಿನ ತೊಟ್ಟಿ ಎಲ್ಲ ಒಟ್ಟಿಗೆ ಕಂಡವು. ಅವಳು ಹೊಸ ಉಡುಪು ಕೊಂಡಳು, ಮಕ್ಕಳಿಬ್ಬರನ್ನೂ ಅಮ್ಮನ ಮನೆಗೆ ಬಿಟ್ಟುಬಂದಳು. ಬಂದು ನೋಡಿದರೆ ಅಂಗಳದಲ್ಲಿ ಎರಡು ಸೈಕಲ್ಲು, ಇಲಿ ಕಡಿದ ಟೆಂಟು, ಹದಿನಾಲ್ಕು ಪೊಟ್ಟಣ ಬಟಾಣಿ ಸೂಪು.

"ಇದೇನೋ ಇದು?"

"ಸೈಕಲ್ ಪ್ರವಾಸ! ತೆರೆದ ಆಕಾಶ, ಹಸಿರು ಹುಲ್ಲು…"

"ಹುಲ್ಲು ಮೇಯೋಕೆ ಆಮ್‌ಸ್ಟರ್‌ಡಾಮಿಗೆ ಯಾಕೋ ಹೋಗ್ಬೇಕು? ಹಿತ್ತಲಲ್ಲೇ ಕಟ್ಟಾಕು ನನ್ನ!"

ಅಂತೂ ಹೊರಟರು. ಎರಡು ದಿನ ಎದುರುಗಾಳಿ. ನಮ್ಮ ದೇಶದಲ್ಲಿ ಬೆಟ್ಟಗಳಿಲ್ಲದ ಕೊರತೆಯನ್ನು ಗಾಳಿ ತುಂಬಿಕೊಡುತ್ತದೆ. ಬೇರೆಂಡ ಗಾಳಿಯನ್ನು ಬೈದ, ಗಾಳಿಯಂತ್ರಗಳನ್ನು ಬೈದ, ದಾರಿ ಬಿಡದ ಬಾತುಕೋಳಿಯನ್ನು ಅದರ ಅಪ್ಪ ಅಮ್ಮನ ಸಮೇತ ಬೈದ. ಹಿಂದೆ ರೀಕಿ ಅವನನ್ನು ಬೈಯುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಏರಿಯ ಮೇಲೆ ಅವಳು ಸೈಕಲ್ ನಿಲ್ಲಿಸಿದಳು.

"ನನ್ ಕೈಲಾಗಲ್ಲ. ಮುಂದಿನ ಊರಲ್ಲಿ ರೈಲು ಹತ್ತೋಣ."

"ರೈಲಂತೆ ರೈಲು! ತುಳಿ ಸುಮ್ನೆ. ಆ ನಲವತ್ತು ಹೊಟ್ಟೆಬಾಕರಿಗೆ ಬಿಯರ್ ಕುಡಿಸೋದಕ್ಕಿಂತ ಈ ಗಾಳಿನೇ ವಾಸಿ!"

ಸಿಟ್ಟಿನಲ್ಲಿ ಬಾಯಿಂದ ಬಿದ್ದ ಮಾತು. ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ, ಈ ಮಾತನ್ನು ಮಾತ್ರ ನೇರವಾಗಿ ರೀಕಿಯ ಕಿವಿಗೆ ತಲುಪಿಸಿತು.

"ಏನಂದೆ?"

"ಏನಿಲ್ಲ."

"ಕಮಾನು ತಪ್ಪಿಸ್ಕೊಳ್ಳೋಕೆ ಕರ್ಕೊಂಡು ಬಂದ್ಯಾ ನನ್ನ?" ಅವಳ ದನಿ ಸಣ್ಣದಾಯಿತು. "ಹನ್ನೊಂದು ಮನೆಗೆ ಗುಲಾಬಿ ಮಾಡಿದ ಕೈ ಕಣೋ ಇದು. ಬೆರಳೆಲ್ಲ ತಂತಿ ಚುಚ್ಚಿಸ್ಕೊಂಡು ಮಾಡಿದ್ದೀನಿ. ನನ್ನ ಬಾಗಿಲಿಗೂ ಒಂದು ದಿನ ನಿಲ್ಲತ್ತೆ ಅಂತ ಹನ್ನೆರಡೂವರೆ ವರ್ಷದಿಂದ ಕಾದಿದ್ದೀನಿ. ನಿನ್ನಂಥವನ ಜೊತೆ ಹನ್ನೆರಡೂವರೆ ವರ್ಷ ಬಾಳಿದ್ದಕ್ಕೆ ಊರಿನವರು ನನಗೊಂದು ಹೂ ಕಟ್ಟೋದು ಬೇಡ್ವೇನೋ?"

ಬೇರೆಂಡ ಬಗ್ಗಿ ಸೈಕಲ್ಲಿನ ಚೈನನ್ನು ಬೈದ. ಅಲ್ಲಿಂದ ಮುಂದೆ ರೀಕಿ ಮಾತಾಡಿದ್ದು ದಾರಿ ಬದಿಯ ಹಸುಗಳ ಜೊತೆ ಮಾತ್ರ, ಅದೂ ಅವನಿಗೆ ಕೇಳಿಸುವಂತೆ.

ಮೂರನೆಯ ದಿನ ಆಮ್‌ಸ್ಟರ್‌ಡಾಮಿನ ಅಂಚಿನ ಕ್ಯಾಂಪಿಗೆ ತಲುಪಿದರೆ ಬಾಗಿಲಲ್ಲೇ "ಜಾಗವಿಲ್ಲ" ಎಂಬ ಹಲಗೆ. ಮೇಜಿನ ಹಿಂದೆ ಕೂತಿದ್ದ ಕನ್ನಡಕದ ಹೆಂಗಸು ತಲೆ ಎತ್ತದೆ, "ತುಂಬಿದೆ," ಅಂದಳು. ಬೇರೆಂಡ ಮೂರು ದಿನದಿಂದ ಇಂಥ ಒಂದು ಅವಕಾಶಕ್ಕೇ ಕಾದಿದ್ದನೇನೋ.

"ತುಂಬಿದ್ಯಾ? ಗೋಡೆ ಮೇಲಿನ ನಿಮ್ಮದೇ ನಿಯಮ ಓದಿ! ನಾಲ್ಕನೇದು! 'ನಡೆದು ಬಂದವರನ್ನೂ ಸೈಕಲ್ ತುಳಿದು ಬಂದವರನ್ನೂ ಯಾವ ಕಾರಣಕ್ಕೂ ವಾಪಸ್ ಕಳಿಸುವುದಿಲ್ಲ.' ಯಾವ ಕಾರಣಕ್ಕೂ!"

"ಅದು ಹಳೇ ನಿಯಮ ಸಾರ್…"

"ಹಳೇದಾದ್ರೆ ಅಳಿಸಿ! ಅಳಿಸೋವರೆಗೂ ನಿಯಮ ನಿಯಮಾನೇ! ಸೈಕಲ್ಲಲ್ಲಿ ಬಂದವನು ಒಬ್ಬನಿರಲಿ ನೂರು ಜನ ಇರಲಿ, ಒಳಗೆ ಬಿಡಲೇಬೇಕು!"

ಹಿಂದೆ ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಕನ್ನಡಕದವಳು ಕೆಂಪಾದ ಮುಖದಿಂದ ಚೀಟಿ ಹರಿದುಕೊಟ್ಟಳು. ರೀಕಿ ನೆಲ ನೋಡುತ್ತ ನಿಂತಿದ್ದಳು.

ಮರುದಿನ ಹದಿನಾಲ್ಕನೇ ತಾರೀಖು. ಬೇರೆಂಡ ಬೇಗ ಎದ್ದು ಸಣ್ಣ ಸ್ಟೌವಿನ ಮೇಲೆ ಕಾಫಿ ಕಾಸಿದ. ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕೊಲೇಟ್ ಪುಡಿ ಉದುರಿಸಿ (ಹಬ್ಬವಲ್ಲವೇ, ಎರಡು ಪದರ) ಹೆಂಡತಿಯ ಮುಂದಿಟ್ಟ. ಅವಳು ಹೊಸ ಉಡುಪು ಹಾಕಿಕೊಂಡು ಹುಲ್ಲಿನ ಮೇಲೆ ಕೂತಿದ್ದಳು. ಬ್ರೆಡ್ಡನ್ನು ಒಂದು ಗುಬ್ಬಚ್ಚಿಗೆ ಹಾಕಿದಳು.

ಹಾಕಲಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಈ ಹೊತ್ತಿಗೆ ಬೀದಿಯವರು ಬೀಗ ಹಾಕಿದ ಬಾಗಿಲ ಮುಂದೆ ಬಾಯಿ ಚಪ್ಪರಿಸುತ್ತ ನಿಂತಿರುತ್ತಾರೆ ಎಂದುಕೊಂಡು ಬೇರೆಂಡ ಜೀವಮಾನದಲ್ಲಿ ಮೊದಲ ಬಾರಿಗೆ ಸಿಟ್ಟಿಲ್ಲದೆ ಕಾಫಿ ಕುಡಿದ.

ಹನ್ನೊಂದು ಗಂಟೆಗೆ ಸೈಕಲ್ ಬೆಲ್ಲು ಕೇಳಿಸಿತು. ಒಂದಲ್ಲ, ಒಂದು ಹಿಂಡು. ಗೇಟಿನಿಂದ ಮೊದಲು ಬಂದವನು ಪಕ್ಕದ ಮನೆಯ ತೋನ್. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಬೇಕರಿಯವನು, ಅಂಚೆಯವನು, ಚರ್ಚಿನ ಗಂಟೆ ಹೊಡೆಯುವವನು, ಒಟ್ಟು ಇಪ್ಪತ್ತೇಳು ಸೈಕಲ್ಲು. ಕೊನೆಯ ಸೈಕಲ್ಲಿನ ಹಿಂದೆ ಕಟ್ಟಿದ ಬಂಡಿಯಲ್ಲಿ ಕೊಂಬೆಗಳ ರಾಶಿ, ತಾಮ್ರದ ಬಣ್ಣ ಬಳಿದ "12½" ಎಂಬ ಆಳೆತ್ತರದ ರಟ್ಟು.

ಬೇರೆಂಡ ಬರಿಗಾಲಲ್ಲಿ ಕನ್ನಡಕದವಳ ಹತ್ತಿರ ಓಡಿದ. "ಜಾಗ ಇಲ್ಲ ಅನ್ನಿ! ತುಂಬಿದೆ ಅನ್ನಿ!"

"ಹೇಗನ್ನಲಿ ಸಾರ್?" ಅವಳ ಮುಖದಲ್ಲಿ ಹುಣ್ಣಿಮೆ. "ಎಲ್ಲರೂ ತುಳಿದುಕೊಂಡೇ ಬಂದಿದ್ದಾರೆ. ನೂರು ಜನ ಇದ್ದರೂ ಬಿಡಲೇಬೇಕು ಅಂತ ಯಾರೋ ತಿಳಿದವರು ಹೇಳಿದ್ರು."

ಅವನು ವಾಪಸ್ ಓಡಿ ಹೆಂಡತಿಯ ಮೇಲೆ ಹರಿಹಾಯ್ದ. "ನೀನೇ! ನೀನೇ ಹೇಳಿದ್ದು! ಹಿತಶತ್ರು! ಹನ್ನೆರಡೂವರೆ ವರ್ಷ ಮಗ್ಗುಲಲ್ಲಿ ಗೂಢಚಾರಿಣೀನ ಮಲಗಿಸ್ಕೊಂಡಿದ್ದೀನಿ!"

"ನಾನು ಯಾರಿಗೂ ಹೇಳಿಲ್ಲ!" ರೀಕಿಯೂ ಎದ್ದು ನಿಂತಳು. "ಹೇಳೋ ಬುದ್ಧಿ ಬಂದಿದ್ರೆ ಹೇಳ್ತಿದ್ದೆ! ಬರಲಿಲ್ಲವಲ್ಲ ಅಂತ ನನಗೇ ಸಿಟ್ಟು ಬರ್ತಿದೆ!"

"ಅವಳನ್ಯಾಕೆ ಬೈತೀಯ ಮಾರಾಯ?" ತೋನ್ ಜೇಬಿನಿಂದ ಒಂದು ಚೀಟಿ ತೆಗೆದ. "ನೀನೇ ಬರೆದುಕೊಟ್ಟಿದ್ದೀಯಲ್ಲ. 'ಕೋಳಿಗೆ ದಿನಕ್ಕೆ ಎರಡು ಹಿಡಿ ಕಾಳು, ಮೂರಲ್ಲ. ಹದಿನಾಲ್ಕರವರೆಗೂ ಈ ಕ್ಯಾಂಪಿನಲ್ಲಿ ಇರುತ್ತೇವೆ, ವಿಳಾಸ ಕೆಳಗಿದೆ.' ನಿನ್ನ ಕೈಬರಹ ಹೌದೋ ಅಲ್ವೋ?"

ಹೌದು. ನಮ್ಮ ಕಡೆ ಮೊದಲ ನೆರೆಯವನು ಅಂದರೆ ಹೆರಿಗೆಗೆ ಓಡಿಬರುವವನು ಅವನೇ, ಹೆಣಕ್ಕೆ ಹೆಗಲು ಕೊಡುವವನೂ ಅವನೇ. ಅವನಿಗೆ ಠಿಕಾಣಿ ತಿಳಿಸದೆ ಊರು ಬಿಡುವ ಗಂಡು ಇನ್ನೂ ಹುಟ್ಟಿಲ್ಲ. ಬೀದಿಯವರಿಂದ ತಲೆಮರೆಸಿಕೊಂಡು ಹೊರಟ ಬೇರೆಂಡ, ಆ ಅಭ್ಯಾಸದ ಬಲದಿಂದ, ಕಮಾನು ಕಟ್ಟಿಸುವ ತೋನನ ಕೈಗೇ ವಿಳಾಸ ಬರೆದುಕೊಟ್ಟು ಬಂದಿದ್ದ.

ಅರ್ಧ ಗಂಟೆಯಲ್ಲಿ ಕಮಾನು ಎದ್ದಿತು. ಟೆಂಟು ಸೊಂಟದೆತ್ತರ, ಕಮಾನು ಎರಡಾಳು. ಮುನ್ನೂರು ಗುಲಾಬಿ. ರೀಕಿ ಅದರ ಕೆಳಗೆ ನಿಂತು, ಒಂದೊಂದು ಹೂವನ್ನೂ ಮುಟ್ಟಿ, ಯಾವ ಎಸಳನ್ನು ಯಾರು ಮಡಚಿರಬಹುದು ಎಂದು ಹೆಸರು ಹಿಡಿದು ಹೇಳುತ್ತ ಗೊಳೋ ಎಂದು ಅತ್ತಳು. ಅದನ್ನು ನೋಡಿ ಬೇರೆಂಡನಿಗೆ, ಹೆಂಡತಿಗೆ ಇಷ್ಟು ಆಸೆಯಿತ್ತೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನಿಜವಾಗಿ ನಾಚಿಕೆಯಾಯಿತು. ಆ ನಾಚಿಕೆ ಕ್ಯಾಂಪಿನ ಅಂಗಡಿಯಲ್ಲಿ ಬಿಯರಿನ ಬೆಲೆ ಕೇಳುವವರೆಗೆ ಬಾಳಿತು.

"ಒಂದು ಲೋಟಕ್ಕೆ ಇಷ್ಟಾ? ಇದೇನು ಬಿಯರೋ, ತೀರ್ಥವೋ? ಹಗಲು ದರೋಡೆ!"

ರೀಕಿ ಕಣ್ಣೊರೆಸಿಕೊಂಡು ಬಂದು ಅವನ ಜೇಬಿನಿಂದ ಪರ್ಸು ಎಳೆದುಕೊಂಡಳು. "ಇಪ್ಪತ್ತೊಂಬತ್ತು ಲೋಟ," ಅಂದಳು ಅಂಗಡಿಯವನಿಗೆ. "ದೊಡ್ಡದು."

ಮಧ್ಯಾಹ್ನ ಮೂರಕ್ಕೆ ಹಾಡು, ಕುಣಿತ, ನಾಲ್ಕನೆಯ ಸುತ್ತು ಎಲ್ಲ ಮುಗಿದ ಮೇಲೆ ತೋನ್ ಅವನ ಬೆನ್ನು ತಟ್ಟಿದ. "ಶನಿವಾರದೊಳಗೆ ಊರಿಗೆ ಬಂದುಬಿಡಿ."

"ಯಾಕೆ?"

"ಮನೆ ಕಮಾನು ಇಳಿಸ್ಬೇಕಲ್ಲ."

"ಮನೆ ಮುಂದೆನೂ ಇದ್ಯಾ?"

"ಮತ್ತೆ? ಇದು ಪ್ರಯಾಣಕ್ಕೆ ಅಂತ ಮಾಡಿದ ಚಿಕ್ಕದು. ದೊಡ್ಡದು ಅಲ್ಲಿದೆ. ಇಳಿಸೋ ದಿನ ಇನ್ನೊಂದ್ಸಲ ಕುಡಿಸೋದು ಪದ್ಧತಿ. ಸೈಕಲ್ ತುಳಿಯೋಕಾಗದ ಹಿರಿಯರೆಲ್ಲ ಅದಕ್ಕೇ ಕಾಯ್ತಿದ್ದಾರೆ."

ಬೇರೆಂಡ ಹೆಂಡತಿಯ ಕಡೆ ತಿರುಗಿ, ಹನ್ನೆರಡೂವರೆ ವರ್ಷದಲ್ಲೇ ಅತಿ ಸಿಹಿಯಾದ ದನಿಯಲ್ಲಿ, "ರೀಕಿ, ಊರಿಗೇನು ಅವಸರ, ಇನ್ನೆರಡು ವಾರ ಇಲ್ಲೇ ಇದ್ದುಬಿಡೋಣ್ವಾ?" ಅಂದ.

"ಇರಿ, ಇರಿ," ಅಂದ ತೋನ್ ಸೈಕಲ್ ಹತ್ತುತ್ತ. "ನೀವು ಬರೋವರೆಗೂ ನಾವು ಕಮಾನು ಇಳಿಸಲ್ಲ. ದಿನಾ ಸಂಜೆ ಅದರ ಕೆಳಗೆ ಕಾವಲು ಕೂತಿರ್ತೀವಿ. ಬಾಯಾರಿಕೆ ಆದ್ರೆ ನೀನು ಯೋಚನೆ ಮಾಡಬೇಡ. ನೀನು ಬಾಟ್ಲಿ ಕೂಡಿಟ್ಟಿರೋ ನೆಲಮಾಳಿಗೆ ಬೀಗದ ಕೈ ಹೇಗೂ ನನ್ನ ಹತ್ರಾನೇ ಇದೆ."

ಏಳೇ ನಿಮಿಷದಲ್ಲಿ ಬೇರೆಂಡ ಟೆಂಟು ಕಿತ್ತು, ಮಡಚಿ, ಸೈಕಲ್ಲಿಗೆ ಬಿಗಿದು, "ಹತ್ತು! ಬೇಗ ಹತ್ತು!" ಎಂದು ಕೂಗುತ್ತಿದ್ದ. ರೀಕಿ ಕಮಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕಾಲು ಚಾಚಿ, ಇನ್ನೊಂದು ಬಿಯರಿಗೆ ಕೈ ಎತ್ತಿದಳು.