ಅಮೆರಿಕದ ಗವರ್ನರೂ ಕುಚ್ಚಲಕ್ಕಿಯ ಪೆಟ್ಟಿಗೆಯೂ

ನನಗೆ ಸಂಬಂಧವೇ ಇಲ್ಲದ ವಿಷಯಗಳಲ್ಲಿ ಪಕ್ಷ ವಹಿಸುವುದು ನನ್ನ ದೌರ್ಬಲ್ಯ ಎಂದು ಹೆಂಡತಿ ಶಶಿಕಲಾ ಹೇಳುತ್ತಾಳೆ. ದೌರ್ಬಲ್ಯವಲ್ಲ, ಹಕ್ಕು ಎಂದು ನಾನು ಹೇಳುತ್ತೇನೆ. ಒಮಾನ್ ದೇಶದ ಸೊಹಾರಿನ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿರುವ ಮನುಷ್ಯ ಎಲ್ಲಾದರೊಂದು ಕಡೆ ಸೆಟೆದು ನಿಲ್ಲಬೇಡವೇ? ನಾನು ನಿಂತದ್ದು ಅಮೆರಿಕದ ಒಂದು ರಾಜ್ಯದ ಗವರ್ನರ್ ಚುನಾವಣೆಯಲ್ಲಿ. ಅಭ್ಯರ್ಥಿಯಾಗಿ ಅಲ್ಲ; ಕಂಪೆನಿ ಬಸ್ಸಿನಲ್ಲಿ, ಕೂತುಕೊಂಡೇ.

ಆ ರಾಜ್ಯದವನು ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಎಂಜಿನಿಯರ್ ಡೇನಿಯಲ್. ಅಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆಂದು ಅವನು ಹೇಳಿದಾಗ ನಾನು ನಂಬಲಿಲ್ಲ. ನಮ್ಮಲ್ಲಿ ರಾಜ್ಯಪಾಲರೆಂದರೆ ದೆಹಲಿಯವರು ಕಳಿಸಿದಾಗ ಬಂದು, ಶಾಲು ಹೊದೆಸಿಕೊಂಡು, ಬೇರೆಯವರು ಬರೆದ ಭಾಷಣ ಓದುವವರು. ಅಲ್ಲಿ ಮಾತ್ರ ಒಬ್ಬ ದೊಡ್ಡ ಕುಳಕ್ಕೂ ಒಬ್ಬ ನಿವೃತ್ತ ಗಣಿತದ ಟೀಚರಿಗೂ ಜಿದ್ದಾಜಿದ್ದಿ ನಡೆದಿತ್ತು. ಟೀಚರ್ ಎಂದ ಕೂಡಲೇ ನನ್ನ ವಾರಿಜಕ್ಕ ಕಣ್ಣೆದುರು ಬಂದಳು. ಅವಳೂ ಗಣಿತದ ಟೀಚರೇ. ನಿವೃತ್ತಳಾದ ಮೇಲೆ ಗ್ರಾಮ ಪಂಚಾಯತಿಗೆ ನಿಂತು ಒಂದೇ ಒಂದು ಓಟಿನಿಂದ ಸೋತವಳು. ಇನ್ನು ಭೂಮಿಯ ಮೇಲೆ ಯಾವ ಟೀಚರೂ ಸೋಲಕೂಡದು ಎಂದು ನಾನು ಹಠ ತೊಟ್ಟೆ.

ಮೂರು ವಾರ ಪ್ರಚಾರ ಮಾಡಿದೆ. ಕ್ಯಾಂಟೀನಿನ ಇಸ್ಮಾಯಿಲ್ ಬ್ಯಾರಿಯವರನ್ನೂ ಬಿಡಲಿಲ್ಲ. "ನಂಗೆ ಅಲ್ಲಿ ಓಟು ಉಂಟಾ?" ಎಂದು ಅವರು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಖಂಡಿತ ಟೀಚರಿಗೇ" ಎಂದು ಮಾತು ಕೊಟ್ಟರು.

ಟೀಚರ್ ಸೋತರು. ಮರುಎಣಿಕೆ ಮಾಡಿದರೂ ಬೆರಳೆಣಿಕೆಯ ಓಟುಗಳಿಂದ ಸೋತರು. ಮರುದಿನ ಬಸ್ಸಿನಲ್ಲಿ ಡೇನಿಯಲ್ ತನ್ನ ಚೀಲದಿಂದ ಮುದುರಿದ ಕವರೊಂದನ್ನು ತೆಗೆದು ಪೆಚ್ಚುನಗೆ ನಕ್ಕ. ಅದು ಅವನದೇ ಮತಪತ್ರ. ಪೋಸ್ಟ್ ಮಾಡಲು ಮರೆತಿದ್ದನಂತೆ. "ಒಂದು ಓಟಿನಿಂದ ಏನಾಗುತ್ತದೆ ಬಿಡು" ಎಂದೂ ಹೇಳಿದ. ನನ್ನ ಪಿತ್ತ ನೆತ್ತಿಗೇರಿತು. ಕಾರ್ಖಾನೆಯ ಗೇಟು ಬರುವವರೆಗೆ, ನನ್ನಲ್ಲಿದ್ದ ಇಂಗ್ಲಿಷೆಲ್ಲ ಖಲಾಸ್ ಆಗುವವರೆಗೆ, ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಬಿಗಿದೆ.

ಸಂಜೆ ಈ ಸಾಹಸವನ್ನು ಶಶಿಕಲಾಗೆ ವರ್ಣಿಸಿದೆ. ಅವಳು ಬಂಗುಡೆ ಮೀನು ಶುಚಿ ಮಾಡುತ್ತಿದ್ದವಳು ಕೈ ನಿಲ್ಲಿಸದೆಯೇ, "ವಾರಿಜಕ್ಕನ ಓಟಿನ ದಿನ ನೀವು ಎಲ್ಲಿದ್ರಿ ಮಾರಾಯ್ರೆ?" ಎಂದಳು.

ಊರಿನಲ್ಲೇ ಇದ್ದೆ. ರಜೆಯ ಕೊನೆಯ ದಿನ. ಕುಚ್ಚಲಕ್ಕಿ, ಹಲಸಿನ ಹಪ್ಪಳ ತುಂಬಿದ ಪೆಟ್ಟಿಗೆ ವಿಮಾನದವರ ಮಿತಿಗಿಂತ ಎರಡು ಕಿಲೋ ಹೆಚ್ಚಿತ್ತು. ಬಿಚ್ಚಿ, ತೂಗಿ, ಅಕ್ಕಿ ತೆಗೆದು, ಹಪ್ಪಳ ಉಳಿಸಿ, ಮತ್ತೆ ಹಗ್ಗ ಬಿಗಿದು, ನಾಲ್ಕೂ ಬದಿಗೆ ದಪ್ಪಕ್ಷರದಲ್ಲಿ ಹೆಸರು ಬರೆದು ಬೂತಿಗೆ ಓಡುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಇದನ್ನು ಅಕ್ಕನಿಗೆ ನಾನು ಹೇಳಿರಲಿಲ್ಲ.

ಅವತ್ತೇ ಫೋನ್ ಮಾಡಿ ಹೇಳಿಬಿಟ್ಟೆ. ಅಕ್ಕ ನಕ್ಕಳು. "ನಂಗೆ ಆಗ್ಲೇ ಗೊತ್ತುಂಟು. ಪಟ್ಟಿಯಲ್ಲಿ ನಿನ್ನ ಹೆಸರಿಗೆ ಗೆರೆ ಬೀಳ್ಳಿಲ್ಲ ಅಂತ ನಮ್ಮ ಏಜೆಂಟ್ ಸಂಜೆಗೇ ಹೇಳಿದ. ನೀನು ಹಾಕಿದ್ರೆ ಸಮ ಆಗಿ ಚೀಟಿ ಎತ್ತುತ್ತಿದ್ರು, ಅಷ್ಟೇ. ಅದಿರ್ಲಿ, ಈ ಸಲ ಬಂದಾಗ ಹಪ್ಪಳ ಎಷ್ಟು ಕಟ್ಟು ಬೇಕು?"

ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಅಲ್ಲಿಂದಲೇ "ನಾಲ್ಕು" ಎಂದೆ.

ಡೇನಿಯಲ್‌ನನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ.