ನೆರಳು ಕಟ್ಟುವ ಕಾಕಾ

ಬೇಲಿ, ಗೇಟು, ಅಂಗಳದ ಮೇಲೆ ತಗಡಿನ ನೆರಳು, ಮಾಳಿಗೆ ಮೇಲೆ ಹಂದರ, ಇಂಥ ಕೆಲಸ ಹಿಡಿದವನಿಗೆ ಮಂದಿಯ ಮನೆ ಬಾಗಿಲಲ್ಲೇ ದಿನ ಕಳೆಯುವ ಯೋಗ. ಬಾಗಿಲಲ್ಲಿ ನಿಂತವನಿಗೆ ಒಳಗಿನ ಒಗ್ಗರಣೆಯ ವಾಸನೆಯೂ ಬರುತ್ತದೆ, ಒಳಗಿನ ಜಗಳವೂ ಕೇಳುತ್ತದೆ. ಹಾಗಾಗಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯದ ದಿನ ನಾವೇ ಏನಾದರೂ ಎಡವಟ್ಟು ಮಾಡಿ ನಡೆಸುತ್ತೇವೆ.

ನಾವು ಅಂದರೆ ನಾನು ಮತ್ತು ಕಾಕಾ. ಕಾಕಾ ನನಗೆ ರಕ್ತಸಂಬಂಧವಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಕೈಗೆ ಮೊದಲ ಸಲ ವೆಲ್ಡಿಂಗ್ ಹಿಡಿ ಕೊಟ್ಟವರು, ಆಮೇಲೆ ಅರ್ಧ ಪಾಲೂ ಕೊಟ್ಟವರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮರುದಿನದಿಂದ ನಮಗೆ ಫೋನು ಶುರು. ‘ಬಿಸಲಿಗೆ ತಲಿ ಸೀಳಾಕತ್ತೈತ್ರಿ, ಲಗೂ ಬಂದು ನೆರಳು ಮಾಡಿ ಕೊಡ್ರಿ.’ ಹೀಗೆ ಇಬ್ಬರೂ ಕೂಡಿ ತಿರುಗಿದ ಕಡೆಯ ಎರಡು ವರ್ಷದ ಮಾತು ಇದು. ನಗಿಸುವುದಕ್ಕೇ ಹೇಳುತ್ತಿದ್ದೇನೆ, ಆದರೆ ಹೇಳುವಾಗ ನನಗೆ ಪೂರಾ ನಗು ಬರುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ವಕೀಲರ ಗೇಟು

ಹಾವೇರಿಯಲ್ಲಿ ಒಬ್ಬ ವಕೀಲರ ಮನೆಗೆ ತಂತಿ ಬೇಲಿ ಮತ್ತು ಗೇಟು. ಹಿಂದಿನವನು ಮಾಡಿದ ಗೇಟು ಕಂಬಕ್ಕೆ ತಾಗಿ ಮುಚ್ಚುತ್ತಲೇ ಇರಲಿಲ್ಲವಂತೆ. ವಕೀಲರು ಕೈಕಟ್ಟಿ ನಿಂತು ನಮ್ಮನ್ನು ಕಾಯುತ್ತಿದ್ದರು. ಕಾಕಾ ಟೇಪು ತೆಗೆಯಲಿಲ್ಲ. ಬಲಗೈ ಅಗಲಿಸಿ ಕಂಬದಿಂದ ಕಂಬಕ್ಕೆ ಗೇಣು ಹಾಕುತ್ತಾ ಹೋದರು.

‘ಇದೇನ್ರಿ ಇದು? ಗೇಣು ಅಂದ್ರ ಯಾರ ಗೇಣು? ಕೋರ್ಟಿನ್ಯಾಗ ಇದು ನಡಿಯಂಗಿಲ್ಲ’ ಎಂದರು ವಕೀಲರು.

‘ಗೇಟು ಕುಂದ್ರಸೂದು ಮನಿಗೋ, ಕೋರ್ಟಿಗೋ?’ ಎಂದರು ಕಾಕಾ.

ನಾಲ್ಕನೇ ದಿನ ಗೇಟು ತಂದು ಕೂಡಿಸಿದೆವು. ಒಂದು ಬೆರಳಿನಿಂದ ದೂಡಿದರೆ ಹೋಗಿ ತಾನೇ ಚಿಲಕಕ್ಕೆ ಬಿತ್ತು. ವಕೀಲರು ನಂಬದೆ ಒಳಗಿನಿಂದ ಟೇಪು ತಂದು ಮೇಲೆ, ಕೆಳಗೆ, ನಡುವೆ ಮೂರು ಕಡೆ ಅಳೆದರು. ಎಲ್ಲಿಯೂ ಒಂದು ನೂಲು ಹೆಚ್ಚು ಕಡಿಮೆ ಇರಲಿಲ್ಲ. ಚಹಾ ತಂದ ಅವರ ಹೆಂಡತಿ ಅಲ್ಲೇ ನಿಂತು, ‘ಇವರು ಮನಿಯೊಳಗ ದಿನಾ ಸೋಲ್ತಾರ್ರಿ, ಇವತ್ತು ಗೇಟಿನ ಮಟಾ ಬಂದು ಸೋತ್ರು’ ಎಂದರು. ವಕೀಲರೂ ನಕ್ಕರು, ಪಾಪ.

ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿಕೊಂಡು ನಗುತ್ತಾ ಗಾಡಿ ಹೊಡೆಯುತ್ತಿದ್ದೆ. ಕಾಕಾ ಪಕ್ಕದಲ್ಲಿ ಕೂತು ಜೇಬಿನ ಟೇಪು ಹೊರಗೆಳೆದು ಮೂಗಿನ ಹತ್ತಿರ ಹಿಡಿದು ಕೇಳಿದರು: ‘ತಮ್ಮಾ, ಈಗಿನವ್ರು ಟೇಪಿನ ಮ್ಯಾಲಿನ ಅಂಕಿ ಸಣ್ಣ ಮಾಡ್ಯಾರೇನು?’

ಅಂಕಿಗಳು ಮೊದಲು ಇದ್ದಷ್ಟೇ ದೊಡ್ಡವಾಗಿದ್ದವು. ‘ಹೌದ್ರಿ ಕಾಕಾ, ಭಾಳ ಸಣ್ಣ ಮಾಡ್ಯಾರ’ ಎಂದೆ.

ಒಂದು ಚೀಲ ಬ್ಯಾಡಗಿ

ಅವತ್ತಿನಿಂದ ನನಗೆ ಹೆದರಿಕೆ ಶುರುವಾಯಿತು. ಕಾಕಾನಿಗೆ ಕಣ್ಣು ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಅವರು ಏಣಿ ಇಳಿಯಬೇಕು. ಏಣಿ ಇಳಿದರೆ ಆ ಮನುಷ್ಯನಿಗೆ ಬೇರೆ ಏನೂ ಗೊತ್ತಿಲ್ಲ. ಇಸ್ಪೀಟು ಬರುವುದಿಲ್ಲ, ಭಜನೆಗೆ ಹೋಗುವವರಲ್ಲ, ಟಿವಿ ಮುಂದೆ ಕೂತರೆ ಗೊರಕೆ. ಹೇಳದಿದ್ದರೆ ಒಂದು ದಿನ ಮೇಲಿನಿಂದ ಬೀಳುತ್ತಾರೆ. ಅವರ ಹೆಂಡತಿ, ಕಾಕಿ, ನನ್ನನ್ನು ಅಡುಗೆಮನೆಗೆ ಕರೆದು, ‘ನಾ ಹೇಳಿದ್ರ ಸಿಟ್ಟಿಗೇಳ್ತಾರ. ನೀನ ಹೇಳಪಾ’ ಎಂದರು. ನಾನು ಹೂಂ ಎಂದೆ. ಹೂಂ ಎನ್ನುತ್ತಲೇ ಒಂದು ವರ್ಷ ಕಳೆದೆ.

ಆ ವರ್ಷದ್ದೇ ಇದು. ಬ್ಯಾಡಗಿಯ ವ್ಯಾಪಾರಸ್ಥರೊಬ್ಬರ ಮನೆ ಅಂಗಳಕ್ಕೆ ತಗಡು ಹಾಕುತ್ತಿದ್ದೆವು. ಅಣ್ಣತಮ್ಮಂದಿರಿಬ್ಬರ ಮನೆ, ನಡುವೆ ಒಂದೇ ಅಂಗಳ. ಅವರ ಹೆಂಡಂದಿರು, ನೆಗೆಣ್ಣಿಯರಿಬ್ಬರು, ಪಾಲಾದಾಗಿನಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬಳು ನೀರಿಗೆ ಬಂದರೆ ಇನ್ನೊಬ್ಬಳು ಒಳಗೆ.

ನಾನು ಆ ತುದಿಯಲ್ಲಿ ಕಂಬ ಹಿಡಿದಿದ್ದೆ. ಕಾಕಾ ಈ ತುದಿಯಲ್ಲಿ ಮೇಲೇರಿ ವೆಲ್ಡಿಂಗ್ ಹೋಲ್ಡರ್ ಹಿಡಿದರು. ‘ಕಾಕಾ, ಕೆಳಗೇನರ ಐತೇನು ನೋಡ್ರಿ’ ಎಂದು ಕೂಗಿದೆ.

‘ನೋಡೀನಿ, ಎಲ್ಲಾ ಖಾಲಿ ಐತಿ’ ಎಂದರು.

ಖಾಲಿ ಇದ್ದ ಜಾಗದಲ್ಲಿ ಬಾಯಿ ಬಿಚ್ಚಿದ ಒಂದು ಚೀಲ ಕೆಂಪು ಮೆಣಸಿನಕಾಯಿ ಇತ್ತು. ಕಿಡಿ ಉದುರಿತು. ಆಮೇಲೆ ಏನಾಯಿತೆಂದು ಮೆಣಸಿನಕಾಯಿ ಸುಟ್ಟ ಘಾಟು ಕುಡಿದವರಿಗೆ ಹೇಳಬೇಕಾಗಿಲ್ಲ. ಮನೆಯವರು, ಎದುರು ಮನೆಯವರು, ಹಾದಿಯಲ್ಲಿ ಹೋಗುತ್ತಿದ್ದ ಎತ್ತು ಎಲ್ಲರೂ ಕೆಮ್ಮಿದರು. ಮಂದಿಯೆಲ್ಲ ರಸ್ತೆಗೆ ಬಂದು ನಿಂತರು. ಹಿರಿಯ ನೆಗೆಣ್ಣಿ ಕಟ್ಟೆ ಹಿಡಿದು ಉಸಿರಾಡಲು ಒದ್ದಾಡುತ್ತಿದ್ದಾಗ ಕಿರಿಯವಳು ತಂಬಿಗೆ ತಂದು ಬಾಯಿಗೆ ಹಿಡಿದು, ‘ಏ ಅಕ್ಕಾ, ಕುಡೀ ಮೊದಲ. ಸತ್ತಗಿತ್ತೀ, ಆಮ್ಯಾಲ ನಾ ಯಾರ ಕೂಡ ಜಗಳಾ ಮಾಡ್ಲಿ?’ ಎಂದು ಅತ್ತುಬಿಟ್ಟಳು. ಇಬ್ಬರೂ ತಬ್ಬಿಕೊಂಡು ಕೆಮ್ಮಿದರು.

ವ್ಯಾಪಾರಸ್ಥರು ನಮ್ಮನ್ನು ಬೈಯುತ್ತಾರೆಂದು ನಿಂತಿದ್ದೆವು. ಅವರು ಮೂಗೊರೆಸಿಕೊಂಡು, ‘ಹಿರ್ಯಾರು ಐದು ಸಲ ಕುಂತು ಎದ್ರೂ ಆಗಿರಲಿಲ್ಲ ಇದು. ಬರೂ ವರ್ಷ ಮತ್ತ ಮಾತು ಬಿಟ್ರ ಫೋನ್ ಮಾಡ್ತೇನಿ, ಬಂದು ಇನ್ನೊಂದು ಚೀಲ ಸುಟ್ಟು ಹೋಗ್ರಿ’ ಎಂದರು.

ಕಾಕಾ ನಗುತ್ತಾ ಕೆಮ್ಮುತ್ತಾ ಕೆಳಗೆ ಕೂತಿದ್ದರು. ಅಷ್ಟು ಕೆಂಪು ಮೆಣಸಿನಕಾಯಿ ಅವರಿಗೆ ಕಾಣಲಿಲ್ಲವಲ್ಲ ಎಂದು ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವತ್ತು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ಯಾರೂ ಯಾಕೆಂದು ಕೇಳಲಿಲ್ಲ.

ಬೇಲಿಯೊಳಗೆ ಉಳಿದ ಗಾಡಿ

ಹೊಸರಿತ್ತಿಯ ಹತ್ತಿರ ಹೊಸ ಮನೆ ಕಟ್ಟಿಸಿದ ನಿವೃತ್ತ ಮಾಸ್ತರರೊಬ್ಬರಿಗೆ ಸುತ್ತಲೂ ಬೇಲಿ ಬೇಕಿತ್ತು. ಬೆಳಿಗ್ಗೆ ಶುರು ಮಾಡಿದೆವು. ಕಾಕಾ ಕೈಯಿಂದ ತಡವಿ ಕಂಬ ನೇರ ಮಾಡುತ್ತಿದ್ದರು, ನಾನು ತಂತಿ ಬಿಗಿಯುತ್ತಿದ್ದೆ. ಸಂಜೆ ಕಡೆಯ ಗಂಟು ಹಾಕಿ, ಮನುಷ್ಯರು ಹಾಯುವಷ್ಟು ಸಣ್ಣ ಗೇಟು ಕೂಡಿಸಿ, ಸಾಮಾನು ಹೇರೋಣವೆಂದು ತಿರುಗಿದರೆ ನಮ್ಮ ಮೂರು ಗಾಲಿಯ ಟಂಟಂ ಗಾಡಿ ಬೇಲಿಯ ಒಳಗೇ ನಿಂತಿತ್ತು.

ಮಾಸ್ತರರು ಗಾಡಿಯನ್ನು ನೋಡಿದರು, ಗೇಟನ್ನು ನೋಡಿದರು, ನಮ್ಮನ್ನು ನೋಡಿದರು. ‘ನಮ್ಮ ಎಮ್ಮಿ ಹೊರಗ ಹೋಗಬಾರ್ದು ಅಂತ ಬೇಲಿ ಹಾಕ್ಸಿದ್ದು’ ಎಂದರು. ‘ನಿಮ್ಮ ಗಾಡಿ ಹೋದ್ರ ನನ್ನದೇನೂ ತಕರಾರಿಲ್ರಿ.’

ಎರಡು ಕಂಬ ಕಿತ್ತು ಗಾಡಿ ಹೊರಗೆ ತಂದು ಮತ್ತೆ ಹುಗಿದೆವು. ಎಮ್ಮೆ ನೋಡುತ್ತಾ ನಿಂತಿತ್ತು.

ವಾಪಸ್ ಬರುವಾಗ ಕಾಕಾ ನಗಲಿಲ್ಲ. ಊರು ಹತ್ತಿರ ಬಂದಾಗ ಕೇಳಿದರು: ‘ನನಗ ಗಾಡಿ ಕಾಣಲಿಲ್ಲ ತಮ್ಮಾ. ನಿನಗ್ಯಾಕ ಕಾಣಲಿಲ್ಲ?’

ಸುಳ್ಳು ಹೇಳಬಹುದಿತ್ತು. ಆದರೆ ಒಂದು ವರ್ಷದಿಂದ ಹೇಳಿ ಹೇಳಿ ಸಾಕಾಗಿತ್ತು. ‘ನಾ ಮುಂಜಾನಿಂದ ನಿಮ್ಮ ಕಾಲ ನೋಡ್ಕೋತ ಇದ್ದೆ ಕಾಕಾ, ಎಲ್ಲೆರ ಎಡವೀರಿ ಅಂತ’ ಎಂದೆ.

ಕಾಕಾ ಮರುದಿನ ಮುಂಜಾನೆ ನಮ್ಮ ವೆಲ್ಡಿಂಗ್ ಅಂಗಡಿಗೆ ಬಂದು ತಮ್ಮ ವೆಲ್ಡಿಂಗ್ ಕನ್ನಡಕ ನನ್ನ ಮೇಜಿನ ಮೇಲಿಟ್ಟು, ಏಣಿಯನ್ನು ಒಮ್ಮೆ ಕೈಯಿಂದ ತಟ್ಟಿ ಮನೆಗೆ ಹೋದರು. ನಾನು ಆ ದಿನ ಕೆಲಸ ಮಾಡಲಿಲ್ಲ.

ಕಾಕಾನ ಮನೆಯ ಶೀಟು

ಕಾಕಾನನ್ನು ಹುಬ್ಬಳ್ಳಿಗೆ ಕರೆದೊಯ್ದೆ, ಅಲ್ಲಿಯ ಡಾಕ್ಟರು ನೋಡಿದರು. ಕಣ್ಣಿನ ನರ ಸತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಒಂದು ಕಣ್ಣಿನಲ್ಲಿ ಇಷ್ಟೇ ಇಷ್ಟು ಬೆಳಕು ಉಳಿದಿದೆ, ಅದೂ ಎಷ್ಟು ದಿನವೋ ಹೇಳಲಾಗದು ಎಂದರು. ಕಾಕಾ ದಾರಿಯಲ್ಲಿ ಹೇಳಿದರು: ‘ಊರಿಗೆಲ್ಲಾ ನೆರಳು ಕಟ್ಟೀನಿ, ನನ್ನ ಮನಿ ಮುಂದಿನ ಕಟ್ಟಿ ಮ್ಯಾಲ ಒಂದು ತಗಡಿಲ್ಲ. ಬೆಳಕು ತೂರೂ ಫೈಬರ್ ಶೀಟು ಹಾಕು. ನೀಲಿ ಹಾಕು. ಇದ್ದಷ್ಟು ದಿನ ನೀಲಿ ಬೆಳಕಿನ್ಯಾಗ ಕುಂದರ್ತೇನಿ.’

ಶೀಟಿನ ಅಂಗಡಿಗೆ ಹೋದರೆ ನೀಲಿ ಮುಗಿದಿತ್ತು. ಬರಲು ಒಂದು ತಿಂಗಳು ಎಂದರು. ತಿಂಗಳೊಳಗೆ ಆ ಇಷ್ಟು ಬೆಳಕೂ ಹೋದರೆ? ಇದ್ದ ಹಸಿರು ಶೀಟನ್ನೇ ಹೇರಿಕೊಂಡು ಬಂದು ಹಾಕಿ, ಬಣ್ಣ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು, ‘ನೀಲಿ ಹಾಕೀನ್ರಿ ಕಾಕಾ’ ಎಂದೆ. ಕಾಕಾ ಮುಖ ಮೇಲೆತ್ತಿ ಆ ಕಡೆ ಈ ಕಡೆ ಹೊರಳಿಸಿ, ‘ಚಲೋ ಆತು’ ಎಂದರು.

ಕಾಕಿ ಓಣಿಗೆಲ್ಲ ತಾಕೀತು ಮಾಡಿದರು, ಯಾರೂ ಹಸಿರು ಅನ್ನಬಾರದು. ನಮ್ಮ ಓಣಿಯವರಿಗೆ ಒಂದು ಸುಳ್ಳು ಹೇಳಿರಿ ಎಂದರೆ ನಾಲ್ಕು ಹೇಳುತ್ತಾರೆ. ಹಾಲಿನವಳು ‘ಥೇಟ್ ಆಕಾಶದಂಗ ಐತ್ರಿ’ ಎಂದಳು. ಕಿರಾಣಿ ಅಂಗಡಿಯವರು ‘ನವಿಲಿನ ಕುತ್ತಿಗಿ ಬಣ್ಣ’ ಎಂದರು. ಹಿಂದಿನ ಮನೆಯ ಅಜ್ಜಿಯಂತೂ ‘ನಿನ್ನಿಗಿಂತ ಇವತ್ತು ಭಾಳ ನೀಲಿ ಕಾಣ್ತೈತಲ್ಲೋ’ ಎಂದುಬಿಟ್ಟಳು. ಕಾಕಾ ಎಲ್ಲದಕ್ಕೂ ಹೂಂ, ಹೂಂ.

ಹೀಗೆ ಹದಿನೈದು ದಿನ ನಡೆಯಿತು. ಅವತ್ತು ಮಧ್ಯಾಹ್ನ ನಾನು ಕಟ್ಟೆ ಮೇಲೆ ಅವರ ಜೊತೆ ಕೂತಿದ್ದೆ. ಗ್ಯಾಸಿನವನು ಹೊಸಬ, ಸಿಲಿಂಡರ್ ಹೊತ್ತು ಬಂದು ಜೋರಾಗಿ ಕೇಳಿದ: ‘ಹಸಿರು ಶೀಟಿನ ಮನಿ ಇದ ಏನ್ರಿ?’

ಕಾಕಿ ಒಳಗಿನಿಂದ ಓಡಿ ಬಂದು, ‘ಅಲ್ಲಪಾ ಅಲ್ಲ, ಇದು ನೀಲಿ ಶೀಟಿನ ಮನಿ! ಹಸಿರು ಮನಿ ಮುಂದಿನ ಓಣ್ಯಾಗ ಐತಿ, ನಡಿ ನಡಿ’ ಎಂದು ಅವನನ್ನು ಸಿಲಿಂಡರ್ ಸಮೇತ ಅಟ್ಟಿಬಿಟ್ಟರು. ಅವನು ತಲೆ ಎತ್ತಿ ಶೀಟು ನೋಡಿದ, ಕಾಕಿಯನ್ನು ನೋಡಿದ, ಹೋದ. ಮನೆಯಲ್ಲಿ ಗ್ಯಾಸು ಬೆಳಿಗ್ಗೆಯೇ ಮುಗಿದಿತ್ತು. ಕಾಕಿ ಚುರುಮುರಿ ಕಲಸಿ ತಂದು ಇಬ್ಬರ ಮುಂದೆಯೂ ಇಟ್ಟರು.

ಕಾಕಾ ಒಂದು ಮುಷ್ಟಿ ತಿಂದು ತಟ್ಟೆ ಕೆಳಗಿಟ್ಟರು. ‘ತಮ್ಮಾ, ಓಡಿ ಹೋಗಿ ಅವನ್ನ ಕರಕೊಂಡು ಬಾ. ಶೀಟು ಹಸಿರ ಐತಿ.’

ಕಾಕಿ ಹತ್ತಿರ ಬಂದು ಕೇಳಿದರು: ‘ನಿಮಗ ಹೆಂಗ ಗೊತ್ತಾತ್ರಿ?’

‘ಹಾಕಿದ ದಿನಾನ ಕಂಡೈತಿ. ಮುಖಾ ಎತ್ತಿದ್ರ ಎಲ್ಲಾ ಹಸಿರ ಹಸಿರ. ನನಗ ಇನ್ನ ಕಾಣೂದು ಅದೊಂದ ನೋಡು.’

ಕಾಕಿ ಸೆರಗು ಬಾಯಿಗೆ ಹಿಡಿದರು. ನಾನು ಕೇಳಿದೆ: ‘ಮತ್ಯಾಕ ಹದಿನೈದು ದಿನ ಹೂಂ ಅಂದ್ರಿ ಕಾಕಾ?’

‘ಒಂದು ವರ್ಷ ನಾ ಕಾಣದ್ದನ್ನ ಕಾಣ್ತೈತಿ ಅಂತ ಸುಳ್ಳು ಹೇಳಿದೆ, ನೀವಿಬ್ರೂ ನನ್ನ ಮಾನಾ ಕಾಯ್ದು ಹೂಂ ಅಂದ್ರಿ. ಈಗ ನೀವು ಸುಳ್ಳು ಹೇಳಿದ್ರಿ, ನಾ ಹೂಂ ಅಂದೆ. ಮುಯ್ಯಿ ಮಾಡಿದವ್ರಿಗೆ ತಿರುಗಿ ಮುಯ್ಯಿ ಮಾಡಬೇಕಲ್ಲೇನು?’

ಕಾಕಿ ಅಳತೊಡಗಿದರು. ನನಗೂ ತಡೆಯಲಿಲ್ಲ. ಕಾಕಾ ನಮ್ಮಿಬ್ಬರ ದನಿ ಬಂದ ಕಡೆ ಮುಖ ತಿರುಗಿಸಿ, ಕೈಯಿಂದ ತಡವಿ ಚುರುಮುರಿ ತಟ್ಟೆಯನ್ನು ನನ್ನ ಕಡೆ ದೂಡಿದರು.

‘ಮುಯ್ಯಿ ಮಾಡಿ ಆತು. ಮುಯ್ಯಿ ತಂದವ್ರಿಗೆ ಊಟಾ ಹಾಕ್ತಾರಲ್ಲ, ಇನ್ನಾದ್ರೂ ಗ್ಯಾಸಿನವನ್ನ ಕರದು ಊಟಾ ಹಾಕ್ತೀರೋ, ಚುರುಮುರಿ ಮ್ಯಾಲ ಮುಗಸ್ತೀರೋ?’